ಎಡೆದೊರೆ ಸೀಮೆಯ ಗೋಡೆಗೊಂದು ಹಳೆಯ ನಕಾಶೆ

ಹಳೆಯ ನಕಾಶೆ ಎಂದರೆ ಕಂದು ಬಣ್ಣದ್ದೇ ಆಗಿರಬೇಕು ಎಂದು ನಮಗೆ ಯಾರು ಹೇಳಿಕೊಟ್ಟರೋ ತಿಳಿಯದು. ಹದಿನೇಳನೇ ಶತಮಾನದಲ್ಲಿ ಆಮ್‌ಸ್ಟರ್‌ಡ್ಯಾಮಿನ ಮುದ್ರಕರು ಬಳಸುತ್ತಿದ್ದ ಕಾಗದ ಹಳೆ ಬಟ್ಟೆಯ ಚಿಂದಿಯಿಂದ ಮಾಡಿದ್ದು. ನೀರು, ಬಿಸಿಲು, ಗೆದ್ದಲು ತಾಗದಂತೆ ಇಟ್ಟರೆ ಮುನ್ನೂರು ವರ್ಷ ಕಳೆದರೂ ಅದು ಕೆನೆಬಣ್ಣದಲ್ಲೇ ಉಳಿಯುತ್ತದೆ. ಬೇಗ ಕಂದಾಗಿ, ಮಡಿಸಿದಲ್ಲಿ ಮುರಿಯುವ ಕಾಗದ ಬಂದದ್ದು ಹತ್ತೊಂಬತ್ತನೇ ಶತಮಾನದ ನಡುವಿನಿಂದೀಚೆ, ಮರದ ತಿರುಳಿನ ಅಗ್ಗದ ಕಾಗದ ಶುರುವಾದ ಮೇಲೆ. ಆದರೂ ಆನ್‌ಲೈನ್ ಅಂಗಡಿಗಳಲ್ಲಿ ‘ಆಂಟಿಕ್ ಮ್ಯಾಪ್’ ಎಂದು ಹುಡುಕಿದರೆ ಸಿಗುವವು ಬಹುಮಟ್ಟಿಗೆ ಚಹಾದಲ್ಲಿ ಅದ್ದಿ ತೆಗೆದಂಥವು. ಅಂಚು ಸುಟ್ಟ ಹಾಗೆ, ಮೂಲೆಯಲ್ಲೊಂದು ದಿಕ್ಸೂಚಿ, ಕಡಲಿನಲ್ಲೊಂದು ರಾಕ್ಷಸ ಮೀನು. ಆ ಮುಪ್ಪು ಕಾಗದಕ್ಕೆ ಬಂದದ್ದಲ್ಲ, ಕಂಪ್ಯೂಟರಿನಲ್ಲಿ ಬಳಿದದ್ದು.

ಹೊಸ ಮನೆ ಕಟ್ಟಿಸಿದವರು ಹಜಾರದ ಗೋಡೆಗೆ ಇಂಥದ್ದೊಂದನ್ನು ತರಿಸುವುದು ಈಗ ಬೆಂಗಳೂರಿನ ಶೋಕಿಯಾಗಿ ಉಳಿದಿಲ್ಲ. ಕೊರಿಯರ್ ಮುಟ್ಟುವ ಊರಿಗೆಲ್ಲ ಅದು ಮುಟ್ಟುತ್ತದೆ. ರಾಯಚೂರಿಗೂ ಗದ್ವಾಲಕ್ಕೂ ಮುಟ್ಟುತ್ತದೆ, ಗದ್ವಾಲದ ಮಗ್ಗುಲಿನ ಧರೂರಿಗೂ ಮುಟ್ಟುತ್ತದೆ. ದೇವರ ಪಟ, ಮದುವೆಯ ಫೋಟೋ, ಹಾರ ಹಾಕಿದ ಹಿರಿಯರ ಸಾಲಿನಲ್ಲಿ ಒಂದು ನಕಾಶೆಗೂ ಜಾಗ ಸಿಕ್ಕರೆ ನನಗೆ ಸಂತೋಷವೇ. ನನ್ನ ತಕರಾರು ಒಂದೇ: ಧರೂರಿನ ಗೋಡೆಗೆ ಬರುವ ನಕಾಶೆಯಲ್ಲಿ ಧರೂರೇ ಇರುವುದಿಲ್ಲ.

ಧರೂರು ಕನ್ನಡಿಗರಿಗೆ ಅಷ್ಟಾಗಿ ಪರಿಚಯವಿರಲಿಕ್ಕಿಲ್ಲ. ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆಯ ಮಂಡಲ ಕೇಂದ್ರ ಅದು. ಕೃಷ್ಣೆಗೆ ಅಡ್ಡಲಾಗಿ ಜುರಾಲ ಅಣೆಕಟ್ಟೆ ನಿಂತಿರುವುದು ಈ ಮಂಡಲದ ರೇವುಲಪಲ್ಲಿಯ ಬಳಿ. ಕೃಷ್ಣಾ ತುಂಗಭದ್ರೆಯರ ನಡುವಿನ ಈ ನೆಲವನ್ನು ಶಾಸನಗಳು ಎಡೆದೊರೆ ಎಂದು ಕರೆದವು, ಮುಂದೆ ಬಂದವರು ರಾಯಚೂರು ದೋಆಬ್ ಎಂದರು. ಆ ನೆಲದ ಮೂಡಣ ತುದಿಯಲ್ಲಿ ಗದ್ವಾಲ, ಧರೂರುಗಳಿವೆ. ಹೊಳೆಯ ಆಚೆ ದಂಡೆಗೆ ಮಕ್ತಲ, ಅದರಾಚೆ ನಾರಾಯಣಪೇಟೆ. ಅಲ್ಲಿ ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಇಂದಿಗೂ ಮನೆಮಾತು ಕನ್ನಡ, ಮಕ್ಕಳು ಹೋಗುವ ಶಾಲೆಯೂ ಕನ್ನಡದ್ದು.

ಈ ಸೀಮೆ ಯುರೋಪಿನ ಅಂದದ ನಕಾಶೆಗಳಲ್ಲಿ ಹೇಗೆ ಕಾಣುತ್ತದೆ? ತೀರ ಹಳೆಯದರಿಂದ ನೋಡೋಣ. ಎರಡನೇ ಶತಮಾನದ ಟಾಲೆಮಿಯ ಭೂಗೋಳ ಗ್ರಂಥಕ್ಕೆ 1482ರಲ್ಲಿ ಜರ್ಮನಿಯ ಉಲ್ಮ್ ನಗರದಲ್ಲಿ ಮರದಚ್ಚಿನ ನಕಾಶೆಗಳು ಅಚ್ಚಾದವು. ಗಾಢ ನೀಲಿ ಕಡಲಿನ ಆ ಹಾಳೆಗಳ ಪ್ರತಿಗಳು ಈಗಲೂ ಚೆನ್ನಾಗಿ ಮಾರುತ್ತವೆ. ಅವುಗಳಲ್ಲಿ ಭಾರತಕ್ಕೆ ದಕ್ಷಿಣದ ಚೂಪೇ ಇಲ್ಲ. ಕಡಲತೀರ ಪಡುವಣದಿಂದ ಮೂಡಣಕ್ಕೆ ಹೆಚ್ಚುಕಡಿಮೆ ನೇರವಾಗಿ ಓಡುತ್ತದೆ, ಲಂಕೆ ಮಾತ್ರ ಊದಿಕೊಂಡು ಕೂತಿದೆ. ಇಷ್ಟು ಸೊಟ್ಟಗಿದ್ದರೂ ಟಾಲೆಮಿಯ ಪಟ್ಟಿಯಲ್ಲಿ ‘ಮೊದೊಗೌಲ್ಲ’ ಎಂಬ ಒಳನಾಡಿನ ಊರೊಂದಿದೆ, ಅದು ನಮ್ಮ ಮುದಗಲ್ಲು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಬನವಾಸಿಯೂ ಆ ಪಟ್ಟಿಯಲ್ಲಿದೆ. ಊರಿನ ಹೆಸರು ಅಲೆಕ್ಸಾಂಡ್ರಿಯಾದವರೆಗೆ ಹೋಗಿದೆ, ಊರಿರುವ ಜಾಗ ಮಾತ್ರ ಹೋಗಿಲ್ಲ.

ಮುಂದಿನದು ಮೊಘಲರ ಕಾಲ. ಜಹಾಂಗೀರನ ಆಸ್ಥಾನಕ್ಕೆ ಬಂದಿದ್ದ ಇಂಗ್ಲಿಷ್ ರಾಯಭಾರಿ ಥಾಮಸ್ ರೋ ಒದಗಿಸಿದ ಮಾಹಿತಿಯಿಂದ ವಿಲಿಯಂ ಬ್ಯಾಫಿನ್ ಎಂಬ ನಾವಿಕ 1619ರಲ್ಲಿ ‘ಇಂದೋಸ್ತಾನ’ದ ನಕಾಶೆ ಬರೆದ. ಆಗ್ರಾದಿಂದ ಲಾಹೋರಿಗೆ ಹೋಗುವ ಸಾಲುಮರದ ರಸ್ತೆ ಅದರಲ್ಲಿ ಮುದ್ದಾಗಿ ಮೂಡಿದೆ, ಗಂಗೆ ಹುಟ್ಟುವಲ್ಲಿ ಹಸುವಿನ ತಲೆಯಿದೆ. ರೋ ಓಡಾಡಿದ್ದು ಸೂರತ್, ಬುರ್ಹಾನಪುರ, ಅಜ್ಮೀರಗಳ ಆಸುಪಾಸು. ಕೃಷ್ಣೆಯ ದಂಡೆಗೆ ಅವನು ಬಂದವನಲ್ಲ. ಅದೇ ಮಾದರಿಯನ್ನು ಹಿಡಿದು ಡಚ್ಚರ ಬ್ಲಾವು ಮನೆತನದವರು ಮೊಘಲ ಸಾಮ್ರಾಜ್ಯದ ವರ್ಣಮಯ ನಕಾಶೆ ಮಾಡಿದರು. ಇಂದು ಮನೆಯಲಂಕಾರದ ಮಾರುಕಟ್ಟೆಯಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುವ ಭಾರತದ ಹಳೆ ನಕಾಶೆ ಇದೇ. ನೋಡಲು ನಿಜಕ್ಕೂ ಸೊಗಸು. ನಮ್ಮ ಬಿಜಾಪುರ, ಗೋಲ್ಕೊಂಡಗಳು ಮೊಘಲ ಸೀಮೆಯ ಕೆಳಗಿನ ಅಂಚಿಗೆ ಸರಿದಿವೆ ಅಷ್ಟೆ.

ಜೇಮ್ಸ್ ರೆನಲ್ 1782ರಲ್ಲಿ ಪ್ರಕಟಿಸಿದ ‘ಹಿಂದೂಸ್ತಾನದ ನಕಾಶೆ’ಯಲ್ಲಿ ಕಡಲತೀರ, ಹೊಳೆ, ಕೋಟೆಗಳು ತಕ್ಕಮಟ್ಟಿಗೆ ತಮ್ಮ ತಮ್ಮ ಜಾಗಕ್ಕೆ ಬಂದವು. ರಾಯಚೂರು, ಅದವಾನಿ ಎಂದು ಬೆರಳಿಟ್ಟು ತೋರಿಸಬಹುದು. ಈ ನಕಾಶೆಯ ಮೂಲೆಯ ಅಲಂಕಾರದ ಚಿತ್ರವನ್ನು ಕೊಳ್ಳುವ ಮೊದಲು ಸ್ವಲ್ಪ ಹೊತ್ತು ನೋಡಬೇಕು. ಬ್ರಿಟಾನಿಯಾ ದೇವಿ ಎತ್ತರದಲ್ಲಿ ನಿಂತಿದ್ದಾಳೆ. ಬ್ರಾಹ್ಮಣ ಪಂಡಿತರು ಬಾಗಿ ತಮ್ಮ ಶಾಸ್ತ್ರಗ್ರಂಥಗಳನ್ನು ಅವಳ ಕೈಗೆ ಒಪ್ಪಿಸುತ್ತಿದ್ದಾರೆ. ಅವಳ ಭರ್ಚಿ ಊರಿರುವುದು ಹತ್ತಿಬಟ್ಟೆಯ ಕಟ್ಟಿನ ಮೇಲೆ. ಕಂಪನಿ ಸರ್ಕಾರ ತನ್ನ ಬಗ್ಗೆ ತಾನೇ ಬರೆಸಿಕೊಂಡ ಪ್ರಶಸ್ತಿಪತ್ರ ಅದು. ಹತ್ತಿ ಬೆಳೆಯುವ, ನೇಯುವ ಸೀಮೆಯಲ್ಲಿ, ಗದ್ವಾಲ ಮತ್ತು ನಾರಾಯಣಪೇಟೆಯ ಸೀರೆಗಳು ಕಪಾಟಿನಲ್ಲಿರುವ ಮನೆಯಲ್ಲಿ, ಆ ಚಿತ್ರವನ್ನು ಸೋಫಾದ ಮೇಲೆ ತೂಗುಹಾಕುವವರು ಗೊತ್ತಿದ್ದು ಹಾಕಲಿ ಎಂಬುದಷ್ಟೇ ನನ್ನ ಮಾತು. ಬೇಡವೆನ್ನುತ್ತಿಲ್ಲ. ಚರಿತ್ರೆಯ ದಾಖಲೆಯಾಗಿ ಅದಕ್ಕೆ ಬೆಲೆಯಿದೆ, ಮಕ್ಕಳಿಗೆ ತೋರಿಸಿ ವಿವರಿಸಲು ಅದಕ್ಕಿಂತ ಒಳ್ಳೆಯ ಪಾಠವೂ ಸಿಗಲಿಕ್ಕಿಲ್ಲ.

ಇವೆಲ್ಲ ಬಹುಪಾಲು ಕುಳಿತು ಬರೆದ ನಕಾಶೆಗಳು. ರೆನಲ್ ಬಂಗಾಳವನ್ನು ತಾನೇ ಅಳೆದವನು, ಆದರೆ ದಖ್ಖನ್ನಿನ ಮಟ್ಟಿಗೆ ಸೈನ್ಯದ ದಾರಿಗಳ ವರದಿ ಮತ್ತು ಇತರರ ಬರಹಗಳೇ ಅವನಿಗೆ ಆಧಾರ. ನಮ್ಮ ಸೀಮೆಯನ್ನು ನಡೆದು ಅಳೆದವರ ಕಥೆ ಆಮೇಲೆ ಶುರುವಾಗುತ್ತದೆ. ಕನ್ನಡಿಗರಿಗೆ ಮೈಸೂರಿನ ಸರ್ವೆಯಿಂದ, ಕೈಫಿಯತ್ತುಗಳ ಸಂಗ್ರಹದಿಂದ ಪರಿಚಿತನಾದ ಕಾಲಿನ್ ಮೆಕೆಂಜಿ ಅದಕ್ಕೂ ಮೊದಲು, 1790ರ ದಶಕದಲ್ಲಿ, ನಿಜಾಮನ ಸೀಮೆಯಲ್ಲಿ ದಾರಿ ಅಳೆಯುತ್ತಿದ್ದ. ಟಿಪ್ಪುವಿನ ಪತನದ ಮೇಲೆ ಮೈಸೂರಿಗೆ ಬಂದ, 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಥಾಮಸ್ ಹಿಕಿ 1816ರಲ್ಲಿ ಬರೆದ ಅವನ ಭಾವಚಿತ್ರದಲ್ಲಿ ಹಿನ್ನೆಲೆಗೆ ಗೊಮ್ಮಟನಿದ್ದಾನೆ, ಪಕ್ಕದಲ್ಲಿ ಅವನ ದೇಶೀ ಸಹಾಯಕರಿದ್ದಾರೆ. ದುರ್ಬೀನು ಹಿಡಿದು ನಿಂತವನು ಒಬ್ಬ ಜವಾನ. ಸಾಹೇಬನ ಜೊತೆ ಇವರನ್ನೂ ಕೂಡಿಸಿಕೊಂಡ ಸರ್ವೆಯ ಚಿತ್ರಗಳು ಅಪರೂಪ. ನಕಾಶೆಗಿಂತ ಈ ಚಿತ್ರದ ಪ್ರತಿಯನ್ನೇ ಹಾಕಿಸಿಕೊಂಡರೂ ನಡೆದೀತು ಎನ್ನಿಸುತ್ತದೆ.

ಮೆಕೆಂಜಿಯ ಸಮಕಾಲೀನ ವಿಲಿಯಂ ಲ್ಯಾಂಬ್ಟನ್ನನ ಕೆಲಸ ಇನ್ನೊಂದು ಬಗೆಯದು. 1800ರಲ್ಲಿ ಬೆಂಗಳೂರಿನಲ್ಲಿ ಒಂದು ಆಧಾರರೇಖೆ ಅಳೆದು ಕೈ ಪಳಗಿಸಿಕೊಂಡು, 1802ರಲ್ಲಿ ಮದರಾಸಿನಿಂದ ತ್ರಿಕೋನ ಸರ್ವೆ ಶುರು ಮಾಡಿದ. ಎರಡು ಗುಡ್ಡಗಳ ನಡುವಿನ ದೂರ ಗೊತ್ತಿದ್ದರೆ, ಆ ಎರಡೂ ಕಡೆಯಿಂದ ಮೂರನೆಯ ಗುಡ್ಡಕ್ಕೆ ಕೋನ ಅಳೆದು ಅದರ ದೂರವನ್ನು ಲೆಕ್ಕ ಹಾಕಬಹುದು. ಹಾಗೇ ಗುಡ್ಡದಿಂದ ಗುಡ್ಡಕ್ಕೆ ಬಲೆ ಹೆಣೆಯುತ್ತ ಉತ್ತರಕ್ಕೆ ಹೋಗುವುದು. ಲೆಕ್ಕ ತಪ್ಪಿಲ್ಲ ಎಂದು ಖಾತರಿ ಮಾಡಿಕೊಳ್ಳಲು ಅಲ್ಲಲ್ಲಿ ಸಪಾಟು ನೆಲದಲ್ಲಿ ಸರಪಳಿ ಹಾಕಿ ನಿಜವಾಗಿ ಅಳೆಯಬೇಕು. ಅಂಥ ಅಳತೆ 1811ರಲ್ಲಿ ಗುತ್ತಿಯ ಬಳಿ ನಡೆಯಿತು, 1815ರಲ್ಲಿ ಬೀದರದ ಬಳಿ ನಡೆಯಿತು. ಈ ಎರಡರ ನಡುವೆ ಏನಿದೆ? ತುಂಗಭದ್ರೆಯಿದೆ, ಕೃಷ್ಣೆಯಿದೆ, ನಡುವೆ ನಮ್ಮ ಎಡೆದೊರೆಯಿದೆ. ಮುಂದೆ ಹಿಮಾಲಯದ ತಪ್ಪಲಿಗೆ ಮುಟ್ಟಿದ ಆ ಮಹಾರೇಖೆಯ ಮೇಲೆ ಬೆಂಗಳೂರಿನ ದೊಡ್ಡಗುಂಟೆಯೂ ಒಂದು ಠಾಣೆ, ಅದರ ರೇಖಾಂಶ 77 ಡಿಗ್ರಿ 37 ನಿಮಿಷ. ಜುರಾಲದ ರೇಖಾಂಶ ಅದಕ್ಕಿಂತ ಕೆಲವೇ ನಿಮಿಷ ಮೂಡಣಕ್ಕೆ. ಭೂಮಿಯ ಆಕಾರವನ್ನು ಲೆಕ್ಕ ಹಾಕಿದ ರೇಖೆ ಧರೂರಿನ ನೆತ್ತಿಯ ಮೇಲೇ ಹಾದುಹೋಯಿತೆಂದರೆ ತೀರ ಉತ್ಪ್ರೇಕ್ಷೆಯಾಗದು. ಇದನ್ನು ಯಾವ ಶಾಲೆಯ ಗೋಡೆಯ ಮೇಲೂ ಬರೆದದ್ದು ನಾನು ಕಂಡಿಲ್ಲ.

ಈ ಬಲೆಯ ಮೇಲೆ ಹಳ್ಳಿಹಳ್ಳಿಯನ್ನೂ ಕೂರಿಸಿದವು ಸರ್ವೆ ಆಫ್ ಇಂಡಿಯಾದ ಹಾಳೆಗಳು. 1905ರಿಂದೀಚೆಗೆ ಇಡೀ ದೇಶವನ್ನು ಚೌಕಗಳಾಗಿ ಭಾಗ ಮಾಡಿ ಸಂಖ್ಯೆ ಕೊಟ್ಟರು. ನಮ್ಮ ಭಾಗದ್ದು 56. ಅದರೊಳಗೆ ಎ ಇಂದ ಪಿ ವರೆಗೆ ಹದಿನಾರು ಚೌಕ, ಒಂದೊಂದೂ ಒಂದು ಡಿಗ್ರಿ ಅಗಲ, ಒಂದು ಡಿಗ್ರಿ ಎತ್ತರ. ‘56 ಎಚ್’ ಎಂಬ ಹಾಳೆ 77ರಿಂದ 78 ಡಿಗ್ರಿ ರೇಖಾಂಶ, 16ರಿಂದ 17 ಡಿಗ್ರಿ ಅಕ್ಷಾಂಶದ್ದು. ಅಳತೆ ಇಂಚಿಗೆ ನಾಲ್ಕು ಮೈಲಿ. ಧರೂರು, ಗದ್ವಾಲ, ಮಕ್ತಲ, ನಾರಾಯಣಪೇಟೆ, ರಾಯಚೂರು, ಯಾದಗಿರಿ ಇಷ್ಟೂ ಈ ಒಂದೇ ಹಾಳೆಯಲ್ಲಿವೆ. ಭೀಮೆ ಬಂದು ಕೃಷ್ಣೆಗೆ ಸೇರುವುದೂ ಇದರಲ್ಲೇ. ಎರಡು ರಾಜ್ಯ, ನಾಲ್ಕಾರು ಜಿಲ್ಲೆ, ಎರಡು ಭಾಷೆಗಳನ್ನು ಯಾವ ಮುಲಾಜೂ ಇಲ್ಲದೆ ಒಂದು ಚೌಕದಲ್ಲಿ ಕೂರಿಸಿದ ಹಾಳೆ. ಆನೆ ಇಲ್ಲ, ದೇವಿಯಿಲ್ಲ, ದಿಕ್ಸೂಚಿಯ ಹೂವಿಲ್ಲ. ಕಂದು ಗೆರೆಯ ಗುಡ್ಡಗಳು, ನೀಲಿ ಕೆರೆಗಳು, ಕೆಂಪು ರಸ್ತೆ, ತ್ರಿಕೋನ ಸರ್ವೆಯ ಠಾಣೆಯಿದ್ದ ಗುಡ್ಡದ ಮೇಲೊಂದು ಪುಟ್ಟ ತ್ರಿಕೋನ. ನನಗೆ ಕೇಳಿದರೆ ಈ ಸೀಮೆಯ ಮನೆಗೆ ಇದೇ ಅಂದದ ನಕಾಶೆ.

ಇದರಲ್ಲಿ ಬೇರೆ ಬೇರೆ ಕಾಲದ ಮುದ್ರಣಗಳಿವೆ. ಜೊತೆಗೆ ಇಂಪೀರಿಯಲ್ ಗೆಜೆಟಿಯರಿನ 1909ರ ಅಟ್ಲಾಸು, 1893ರ ಕಾನ್‌ಸ್ಟೇಬಲ್ ಅಟ್ಲಾಸುಗಳಲ್ಲಿ ಹೈದರಾಬಾದ್ ಸಂಸ್ಥಾನದ ಪುಟಗಳಿವೆ. ವರ್ಷ ಬರೆಯದ ಹಾಳೆ ಕೈಗೆ ಬಂದರೆ ವಯಸ್ಸು ಹೇಳುವುದು ಕಷ್ಟವಲ್ಲ, ಹಾಳೆಯೇ ಹೇಳುತ್ತದೆ. ರಾಯಚೂರಿನಲ್ಲಿ ಮುಂಬೈ ಕಡೆಯ ರೈಲು ಮದರಾಸಿನ ರೈಲಿಗೆ ಕೂಡಿದ್ದು 1871ರಲ್ಲಿ. ಹಳಿಯಿಲ್ಲದಿದ್ದರೆ ಅದಕ್ಕೂ ಹಿಂದಿನದು. ಲಿಂಗಸುಗೂರು ಬೇರೆಯೇ ಜಿಲ್ಲೆಯಾಗಿ ಕಂಡರೆ 1905ಕ್ಕೆ ಮೊದಲಿನದು, ಆ ವರ್ಷ ಅದನ್ನು ರದ್ದು ಮಾಡಿ ರಾಯಚೂರಿಗೆ ಸೇರಿಸಿದರು. ಗದ್ವಾಲದಿಂದ ರಾಯಚೂರಿಗೆ ರೈಲುಹಳಿ ಕಂಡರೆ ಅದು ಹಳೆಯ ನಕಾಶೆಯೇ ಅಲ್ಲ, ಆ ಹಾದಿ ಆಗಿದ್ದು 2013ರಲ್ಲಿ. ಎಲ್ಲಕ್ಕಿಂತ ಸ್ವಾರಸ್ಯದ ಗುರುತು ಬಣ್ಣದ್ದು. ಸಾಲ ತೀರಿಸಲಾಗದೆ ನಿಜಾಮ 1853ರಲ್ಲಿ ಬೇರಾರಿನ ಜೊತೆ ರಾಯಚೂರು ದೋಆಬನ್ನೂ ಕಂಪನಿಯ ವಶಕ್ಕೆ ಕೊಟ್ಟಿದ್ದ. 1857ರ ದಂಗೆಯಲ್ಲಿ ಕಂಪನಿಯ ಪರ ನಿಂತದ್ದಕ್ಕೆ 1860ರಲ್ಲಿ ದೋಆಬ್ ಅವನಿಗೆ ಮರಳಿತು. ಆ ಏಳು ವರ್ಷದ ನಕಾಶೆಗಳಲ್ಲಿ ದೋಆಬ್ ಹೈದರಾಬಾದಿನಿಂದ ಕಳಚಿ ಬ್ರಿಟಿಷರ ಬಣ್ಣಕ್ಕೆ ಹೋಗಿರುತ್ತದೆ. ಅಂಥ ಹಾಳೆ ಸಿಕ್ಕರೆ ಬಿಡಬೇಡಿ.

ಇನ್ನು 1956. ಈ ಭಾಗದವರಿಗೆ ಹಳೆಯ ನಕಾಶೆಯ ಮುಂದೆ ನಿಂತಾಗ ಮೊದಲು ಕಣ್ಣಿಗೆ ಬೀಳುವುದು ಅದೇ. ಆ ವರ್ಷದ ನವೆಂಬರ್ 1ರವರೆಗೆ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯವು. ಕೊಡಂಗಲ್ ಮತ್ತು ತಾಂಡೂರು ಗುಲ್ಬರ್ಗ ಜಿಲ್ಲೆಯವು. ರಾಜ್ಯ ಪುನರ್ವಿಂಗಡಣೆಯಲ್ಲಿ ಈ ನಾಲ್ಕನ್ನು ತೆಗೆದು ಆಂಧ್ರ ಪ್ರದೇಶಕ್ಕೆ ಕೊಟ್ಟು, ಉಳಿದ ರಾಯಚೂರು, ಗುಲ್ಬರ್ಗಗಳನ್ನು ಮೈಸೂರು ರಾಜ್ಯಕ್ಕೆ ಸೇರಿಸಿದರು. ಗದ್ವಾಲದ ಬಹುಪಾಲು ಜನರ ಮಾತು ತೆಲುಗು, ಹಾಗಾಗಿ ಗೆರೆ ಅಲ್ಲಿ ಬಿದ್ದದ್ದರಲ್ಲಿ ಅನ್ಯಾಯ ಹುಡುಕುವುದು ಕಷ್ಟ. ಆದರೆ ಗೆರೆ ಎಲ್ಲೇ ಬಿದ್ದರೂ ಅದರ ಎರಡೂ ಬದಿಗೆ ಬೀಗರು ಉಳಿಯುತ್ತಾರೆ. ‘ಜಿಲ್ಲೆ: ರಾಯಚೂರು, ತಾಲೂಕು: ಗದ್ವಾಲ’ ಎಂಬ ವಿಳಾಸಕ್ಕೆ ಕಾಗದ ಬರೆಯುತ್ತಿದ್ದವರ ಮೊಮ್ಮಕ್ಕಳು ಈಗ ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಇದ್ದಾರೆ. ಅವರು 1956ಕ್ಕೆ ಮುಂಚಿನ ಹಾಳೆಯೊಂದನ್ನು ಗೋಡೆಗೆ ಹಾಕಿದರೆ ಅದು ಗಡಿ ತಂಟೆಯ ಅರ್ಜಿಯಲ್ಲ. ನಕಾಶೆ ಹಿಡಿದು ಗಡಿಗೆ ಜಗಳಾಡುವವರ ಸಭೆಗಳನ್ನು ಸಾಕಷ್ಟು ನೋಡಿದ್ದೇವೆ, ಆ ಗದ್ದಲ ನಡುಮನೆಗೆ ಬೇಕಿಲ್ಲ.

ಗಡಿಗಿಂತ ನನಗೆ ಹೊಳೆಯ ಬದಲಾವಣೆಯೇ ದೊಡ್ಡದಾಗಿ ಕಾಣುತ್ತದೆ. ಹಳೆಯ ಹಾಳೆಯಲ್ಲಿ ಧರೂರಿನ ಉತ್ತರಕ್ಕೆ ಕೃಷ್ಣೆ ಬಂಡೆಗಳ ನಡುವೆ ಸೀಳಿ ಹರಿಯುತ್ತಾಳೆ, ನಡುನಡುವೆ ನಡುಗಡ್ಡೆಗಳು. ಶ್ರೀಪಾದ ಶ್ರೀವಲ್ಲಭರ ಕುರುವಪುರ, ರಾಯಚೂರಿನ ನಾರದಗಡ್ಡೆ, ಗದ್ವಾಲದ ಗುರ್ರಂಗಡ್ಡ ಎಲ್ಲವೂ ಈ ಹೊಳೆಯವೇ. ಹೊಸ ಹಾಳೆಯಲ್ಲಿ ಅದೇ ಜಾಗದಲ್ಲಿ ಜುರಾಲದ ಹಿನ್ನೀರು ನೀಲಿ ಬಳಿದುಕೊಂಡಿದೆ. ಸರ್ವೆ ಆಫ್ ಇಂಡಿಯಾ 2017ರಿಂದ ತನ್ನ ಓಪನ್ ಸೀರೀಸ್ ಹಾಳೆಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಕೊಡುತ್ತಿದೆ. ಹಳೆಯದನ್ನೂ ಹೊಸದನ್ನೂ ಒಂದೇ ಅಳತೆಗೆ ಮುದ್ರಿಸಿ ಜೋಡಿಯಾಗಿ ಹಾಕಿದರೆ, ಮನೆಗೆ ಬಂದವರು ಟೀವಿಯ ಕಡೆ ತಿರುಗುವುದಿಲ್ಲ.

ಎಲ್ಲಿ ಸಿಗುತ್ತವೆ ಎಂದು ಕೇಳುವವರಿಗೆ: ಅಮೆರಿಕದ ಡೇವಿಡ್ ರಮ್ಸೆ ಸಂಗ್ರಹ ಮತ್ತು ಲೈಬ್ರರಿ ಆಫ್ ಕಾಂಗ್ರೆಸ್ ಹಳೆಯ ನಕಾಶೆಗಳನ್ನು ದೊಡ್ಡ ಅಳತೆಯಲ್ಲಿ ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಟ್ಟಿವೆ. ರಮ್ಸೆ ಸಂಗ್ರಹದ್ದು ಮನೆಬಳಕೆಗೆ ಸರಿ, ಮಾರಾಟಕ್ಕೆ ಅವರ ಒಪ್ಪಿಗೆ ಬೇಕು. ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅಮೆರಿಕದ ಸೈನ್ಯ 1950ರ ದಶಕದಲ್ಲಿ ಸರ್ವೆ ಆಫ್ ಇಂಡಿಯಾದ ಹಾಳೆಗಳನ್ನು ಆಧರಿಸಿ ಮಾಡಿದ ಭಾರತದ ನಕಾಶೆಗಳಿವೆ; ಪುನರ್ವಿಂಗಡಣೆಯ ಹೊಸ್ತಿಲಿನ ಕಾಲದವು ಅವು. ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಸರ್ವೆಯ ಮೂಲ ಹಾಳೆಗಳಿವೆ. ಸರ್ಕಾರಿ ಪ್ರಕಟಣೆಯ ಹಕ್ಕು ನಮ್ಮಲ್ಲಿ 60 ವರ್ಷಕ್ಕೆ ಮುಗಿಯುವುದರಿಂದ ಹೈದರಾಬಾದ್ ರಾಜ್ಯದ ಕಾಲದ ಹಾಳೆಗಳಿಗೆ ಆ ತೊಡಕಿಲ್ಲ. ಅಸಲಿ ಹಾಳೆ ಕಣ್ಣಾರೆ ನೋಡಬೇಕೆಂಬ ಆಸೆಯಿದ್ದವರಿಗೆ ಹೈದರಾಬಾದಿನ ‘ಕಲಾಕೃತಿ’ ಗ್ಯಾಲರಿಯ ಹೆಸರು ಹೇಳಬೇಕು. ಅದರ ಪ್ರಶಾಂತ್ ಲಾಹೋಟಿ ಕೂಡಿಟ್ಟ ಭಾರತದ ನಕಾಶೆಗಳು 2015ರಲ್ಲಿ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡಿದ್ದವು.

ಅಸಲಿಯನ್ನೇ ಕೊಳ್ಳಬಾರದೇಕೆ ಎಂದರೆ, ಕೊಳ್ಳಬಹುದು. ಆದರೆ ಬಿಡಿಹಾಳೆಯಾಗಿ ಮಾರಾಟಕ್ಕೆ ಬರುವ ಎಷ್ಟೋ ನಕಾಶೆಗಳು ಒಂದು ಕಾಲಕ್ಕೆ ಅಟ್ಲಾಸಿನೊಳಗಿದ್ದವು. ಯಾರೋ ಪುಸ್ತಕದ ಹೊಲಿಗೆ ಬಿಚ್ಚಿ, ಹಾಳೆ ಹಾಳೆ ಮಾರಿದ್ದಾರೆ. ಒಳ್ಳೆಯ ಪ್ರತಿಯೊಂದು ಮನೆಯ ಗೋಡೆ ತುಂಬಿದರೆ ಅಷ್ಟರಮಟ್ಟಿಗೆ ಒಂದು ಅಟ್ಲಾಸು ಉಳಿಯಬಹುದು. ಮತ್ತೆ ನಮ್ಮ ಬೇಸಿಗೆಯ ಬಿಸಿಲಿಗೆ ಅಸಲಿ ಹಾಳೆಯನ್ನು ಒಡ್ಡುವ ಧೈರ್ಯ ಯಾರಿಗಿದೆ?

ಪ್ರಿಂಟ್ ಹಾಕಿಸುವವರು ಫ್ಲೆಕ್ಸ್ ಅಂಗಡಿಗೆ ಹೋಗಬಾರದು. ಅವರ ಮಷಿನ್ನು ರಸ್ತೆಯ ಆಚೆಯಿಂದ ನೋಡುವ ಬ್ಯಾನರಿಗೆ ಮಾಡಿದ್ದು, ಹಳ್ಳಿಯ ಹೆಸರಿನ ಸಣ್ಣ ಅಕ್ಷರ ಅದರಲ್ಲಿ ಕಲಸಿಹೋಗುತ್ತದೆ. ಇಂಚಿಗೆ 300 ಚುಕ್ಕಿ ಎಂಬುದು ನಕಾಶೆಯ ಲೆಕ್ಕ: ಎರಡು ಅಡಿ ಅಗಲದ ಪ್ರತಿಗೆ ಫೈಲಿನ ಅಗಲ 7,200 ಪಿಕ್ಸೆಲ್ ಇರಬೇಕು. 56 ಎಚ್ ಹಾಳೆ ಮೂಲದಲ್ಲೇ ಸುಮಾರು 17 ಇಂಚಿನ ಚೌಕ, ಅದನ್ನು ಹಿಗ್ಗಿಸುವ ಗೋಜೂ ಬೇಡ. ಪಿಗ್ಮೆಂಟ್ ಇಂಕ್ ಎಂದು ಕೇಳಿ ಹಾಕಿಸಿ, ಡೈ ಇಂಕ್ ಬೇಗ ಮಾಸುತ್ತದೆ. ಕಾಗದ ಹತ್ತಿಯದು, ಹೊಳಪಿಲ್ಲದ್ದು. ಹಳೆಯದಾಗಿ ಕಾಣಲಿ ಎಂದು ಅಂಗಡಿಯವರು ಕಂದು ಬಣ್ಣ ಸೇರಿಸಲು ಬಂದರೆ ಬೇಡವೆನ್ನಿ.

ಆಮೇಲೆ ಫ್ರೇಮಿನ ಅಂಗಡಿ. ದೇವರ ಪಟಗಳ ನಡುವೆ ಕೂತವರು ಕೇಳುವುದು ಒಂದೇ: ‘ಮೌಂಟ್ ಹಾಕಿ ಕಟ್ಲೇನ್ರಿ, ಹಂಗೇ ಕಟ್ಲೇನ್ರಿ?’ ಮೌಂಟ್ ಹಾಕಿಸಿ. ಅದು ಬರಿಯ ಚೆಂದಕ್ಕಲ್ಲ. ಕಾಗದ ಗಾಜಿಗೆ ತಾಗಿದರೆ ಮಳೆಗಾಲದ ತೇವಕ್ಕೆ ಅಂಟಿಕೊಂಡುಬಿಡುತ್ತದೆ. ಮೌಂಟ್ ಬೋರ್ಡು ಆಮ್ಲವಿಲ್ಲದ್ದು ಸಿಕ್ಕರೆ ಒಳ್ಳೆಯದು. ಹಿಂಬದಿಗೆ ರಟ್ಟಿನ ಬದಲು ಗೆದ್ದಲು ಹಿಡಿಯದ ಹಲಗೆ ಹಾಕಿಸಿ, ಅಂಚಿಗೆ ಟೇಪು ಸುತ್ತಿಸಿ. ಪಡುವಣದ ಕಿಟಕಿಯ ಎದುರು ಗೋಡೆ ಬೇಡ, ಬಚ್ಚಲಿಗೆ ಹೊಂದಿಕೊಂಡ ಗೋಡೆಯಂತೂ ಬೇಡವೇ ಬೇಡ. ಮೊಳೆ ಹೊಡೆಯುವ ಮೊದಲು ಫ್ರೇಮಿನ ಬೆನ್ನಿಗೆ ಒಂದು ಚೀಟಿ ಅಂಟಿಸಿ: ಮೂಲ ನಕಾಶೆ ಯಾವ ವರ್ಷದ್ದು, ಯಾರು ಮಾಡಿದ್ದು, ಎಲ್ಲಿಂದ ತೆಗೆದದ್ದು, ಪ್ರತಿ ಮಾಡಿಸಿದ್ದು ಯಾವಾಗ. ಇಲ್ಲದಿದ್ದರೆ ಇನ್ನೈವತ್ತು ವರ್ಷಕ್ಕೆ ಮನೆಯ ಹುಡುಗರು ಇದನ್ನು ನಿಜಾಮನ ಕಾಲದ ಅಸಲಿಯೆಂದು ಹೈದರಾಬಾದಿಗೆ ಒಯ್ದು ಬೆಲೆ ಕೇಳುತ್ತಾರೆ.